ಹಾಲು ಕೊಡದ ಹೋರಿಗೆ ಅಂಕ ಕೊಟ್ಟವರು: ಚಾರ್ಲ್ಸ್ ರಾಯ್ ಹೆಂಡರ್ಸನ್

ನಮ್ಮ ಕಾಲೇಜಿಗೆ ಬೆಳಿಗ್ಗೆ ಹಳಿಯಾಳ, ಜೋಯಿಡಾ ಕಡೆಯಿಂದ ಬಸ್ಸು ಹಿಡಿದು ಬರುವ ಅನೇಕ ಗೆಳೆಯ ಗೆಳತಿಯರು ಮನೆ ಬಿಡುವ ಮೊದಲೇ ಒಂದು ಕೆಲಸ ಮುಗಿಸಿರುತ್ತಾರೆ. ಆಕಳಿಗೆ ಹಿಂಡಿ ಇಟ್ಟು, ಹಾಲು ಕರೆದು, ಕ್ಯಾನು ಹಿಡಿದು ಊರ ಡೇರಿಗೆ ಹಾಕಿ ಬಂದಿರುತ್ತಾರೆ. ಆ ಹಾಲಿನ ಬಿಲ್ಲಿನಿಂದಲೇ ಕೆಲವರ ಕಾಲೇಜು ಫೀಸು, ಬಸ್ ಪಾಸು ನಡೆಯುತ್ತದೆ. ಆಕಳು ದಿನಕ್ಕೆ ಎಷ್ಟು ಲೀಟರ್ ಕೊಡುತ್ತದೆ ಎಂಬುದರ ಮೇಲೆ ಆ ತಿಂಗಳ ಮನೆ ಖರ್ಚು ನಿಂತಿರುತ್ತದೆ.

ನಮ್ಮ ಮನೆಯಲ್ಲೂ ಒಂದು ಮಿಶ್ರತಳಿ ಆಕಳಿದೆ. ಅದು ಬೆದೆಗೆ ಬಂದಾಗ ಅಬ್ಬಾ ಪಶು ಆಸ್ಪತ್ರೆಗೆ ಫೋನು ಮಾಡುತ್ತಾರೆ. ಡಾಕ್ಟರರು ಬಂದು ಕೃತಕ ಗರ್ಭಧಾರಣೆ ಮಾಡಿ ಹೋಗುತ್ತಾರೆ. ಹಾಗೆ ಹುಟ್ಟಿದ ಒಂದು ಹೆಣ್ಣುಗರುವನ್ನು ಮೂರು ವರ್ಷ ಮೇವು ಹಾಕಿ ಸಾಕಿದೆವು. ಅದು ಮೊದಲ ಸಲ ಕರು ಹಾಕಿದಾಗ ತಾಯಿಗಿಂತ ಕಡಿಮೆ ಹಾಲು ಕೊಟ್ಟಿತು. ನಮ್ಮ ಮೇವು ಸಾಲದೆ ಹೋಯಿತೋ, ಆ ವರ್ಷದ ಮಳೆಯ ಕಾರಣವೋ, ಅಥವಾ ಕರುವಿನ ತಂದೆಯಾದ ಹೋರಿಯೇ ಅಂಥದ್ದೋ ಎಂದು ಮನೆಯಲ್ಲಿ ಯಾರಿಗೂ ಹೇಳಲಾಗಲಿಲ್ಲ. ಮೂರು ವರ್ಷದ ಮೇವು, ದುಡ್ಡು, ಶ್ರಮ ಮಾತ್ರ ತಿರುಗಿ ಬರಲಿಲ್ಲ.

ಹೋರಿಯ ಗುಣವನ್ನೂ ಮೇವಿನ ಗುಣವನ್ನೂ ಬೇರೆ ಬೇರೆ ಮಾಡಿ ನೋಡುವುದು ಹೇಗೆ ಎಂದು ಹುಡುಕುತ್ತ ಹೋದಾಗ ಸಿಕ್ಕಿದ ಹೆಸರು ಚಾರ್ಲ್ಸ್ ರಾಯ್ ಹೆಂಡರ್ಸನ್. ಪಶುತಳಿ ವಿಜ್ಞಾನ ಓದುವವರಿಗೆ ಜಗತ್ತಿನ ಎಲ್ಲ ಕಡೆ ಪರಿಚಿತವಾದ ಹೆಸರು ಇದು. ನಮ್ಮ ಸಂಚಿಕೆಯ ಓದುಗರಿಗೆ ಅವರ ಜೀವನವನ್ನು ಪರಿಚಯಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಹಳೆಯದೊಂದು ಸಮಸ್ಯೆ

ಹೋರಿ ಹಾಲು ಕೊಡುವುದಿಲ್ಲ. ಆದರೆ ಅದರ ಹೆಣ್ಣುಮಕ್ಕಳು ಎಷ್ಟು ಹಾಲು ಕೊಡುತ್ತವೆ ಎಂಬುದರಲ್ಲಿ ತಾಯಿಯಷ್ಟೇ ಪಾಲು ಹೋರಿಗೂ ಇದೆ. ಕರುವಿನ ವಂಶವಾಹಿಗಳಲ್ಲಿ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ ಎಂದು ನಾವು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಒಂದು ಆಕಳು ತನ್ನ ಬಾಳಿನಲ್ಲಿ ಐದಾರು ಕರು ಹಾಕಬಹುದು. ಒಂದು ಹೋರಿಯಿಂದ ಕೃತಕ ಗರ್ಭಧಾರಣೆಯ ಮೂಲಕ ಸಾವಿರಾರು ಕರು ಹುಟ್ಟಬಹುದು. ಆಕಳನ್ನು ಆರಿಸುವಲ್ಲಿ ತಪ್ಪಿದರೆ ನಷ್ಟ ಒಂದು ಮನೆಗೆ. ಹೋರಿಯನ್ನು ಆರಿಸುವಲ್ಲಿ ತಪ್ಪಿದರೆ ನಷ್ಟ ಸಾವಿರ ಮನೆಗೆ.

ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್ ಎಂಬ ರೈತ 18ನೇ ಶತಮಾನದಲ್ಲಿಯೇ ಇದನ್ನು ಅರಿತಿದ್ದ. ಅವನು ತನ್ನ ಹೋರಿಗಳನ್ನೂ ಟಗರುಗಳನ್ನೂ ಮಾರದೆ ಬಾಡಿಗೆಗೆ ಕೊಡುತ್ತಿದ್ದ. ಬೇರೆಯವರ ಹೊಲದಲ್ಲಿ ಅವುಗಳ ಮರಿಗಳು ಹೇಗಾದವು ಎಂದು ನೋಡಿ, ಒಳ್ಳೆಯವನ್ನು ತನ್ನ ಹಿಂಡಿಗೆ ಇಟ್ಟುಕೊಳ್ಳುತ್ತಿದ್ದ. ಮಕ್ಕಳನ್ನು ನೋಡಿ ತಂದೆಯನ್ನು ಅಳೆಯುವ ಈ ಕ್ರಮಕ್ಕೆ ಸಂತತಿ ಪರೀಕ್ಷೆ ಎಂದು ಹೆಸರು. ಆದರೆ ಮಕ್ಕಳು ಬೇರೆ ಬೇರೆ ಮನೆಯಲ್ಲಿ, ಬೇರೆ ಬೇರೆ ಮೇವು ತಿಂದು ಬೆಳೆದಾಗ ಅಳತೆ ನ್ಯಾಯವಾಗಿ ಆಗುವುದು ಹೇಗೆ? ಬೇಕ್‌ವೆಲ್ ತೀರಿಕೊಂಡ 1795ರ ನಂತರವೂ ಈ ಪ್ರಶ್ನೆ ಒಂದೂವರೆ ಶತಮಾನ ಉಳಿಯಿತು. ಹೆಂಡರ್ಸನ್ ತಮ್ಮ ಬಾಳನ್ನು ಇದರ ಉತ್ತರಕ್ಕೆ ಕೊಟ್ಟರು.

ಬಾಲ್ಯ ಮತ್ತು ಓದು

ಹೆಂಡರ್ಸನ್ ಹುಟ್ಟಿದ್ದು 1911ರ ಏಪ್ರಿಲ್ 1ರಂದು, ಅಮೆರಿಕದ ಅಯೋವಾ ರಾಜ್ಯದ ಕಾಯ್ನ್ ಎಂಬ ಸಣ್ಣ ಊರಿನಲ್ಲಿ. ಮೆಕ್ಕೆಜೋಳ, ದನ, ಹಂದಿ ಸಾಕಣೆಗೆ ಹೆಸರಾದ ಸೀಮೆ ಅದು. ರೈತ ಕುಟುಂಬದ ಹುಡುಗನಾದ ಅವರು ಅಯೋವಾ ಸ್ಟೇಟ್ ಕಾಲೇಜಿಗೆ ಸೇರಿ 1933ರಲ್ಲಿ ಪದವಿ ಪಡೆದರು. ಮರುವರ್ಷ ಪಶು ಪೋಷಣೆಯಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿದರು. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತದ ಕಾಲ. ಮುಂದಿನ ಓದು ಅಲ್ಲಿಗೇ ನಿಂತಿತು. ಕೆಲವು ವರ್ಷ ದುಡಿಮೆಯಲ್ಲಿ ಕಳೆದವು. ಬಳಿಕ ಎರಡನೇ ಮಹಾಯುದ್ಧ ಬಂತು, ಸೇನೆಯಲ್ಲಿ ಸೇವೆ ಸಲ್ಲಿಸಿದರು.

ಯುದ್ಧ ಮುಗಿದ ಮೇಲೆ ಅವರು ಮತ್ತೆ ಅಯೋವಾ ಸ್ಟೇಟ್‌ಗೆ ವಿದ್ಯಾರ್ಥಿಯಾಗಿ ಹಿಂತಿರುಗಿದರು. ಆಗ ಅವರ ವಯಸ್ಸು 35ರ ಸುಮಾರು. ಆ ಕಾಲೇಜಿನಲ್ಲಿ ಜೇ ಲಷ್ ಎಂಬ ದೊಡ್ಡ ಗುರುಗಳಿದ್ದರು. ಆಧುನಿಕ ಪಶುತಳಿ ವಿಜ್ಞಾನದ ಪಿತಾಮಹರೆಂದು ಅವರನ್ನು ಕರೆಯುತ್ತಾರೆ. ಅಲ್ಲಿಯೇ ಇದ್ದ ಲನೋಯ್ ಹೇಜಲ್ ಅವರ ಮಾರ್ಗದರ್ಶನದಲ್ಲಿ ಹೆಂಡರ್ಸನ್ ಸಂಶೋಧನೆ ನಡೆಸಿ 1948ರಲ್ಲಿ ಪಿಎಚ್.ಡಿ. ಪಡೆದರು. ಹಂದಿಗಳ ತಳಿಗಳನ್ನು ಒಂದಕ್ಕೊಂದು ಸೇರಿಸಿ ಮಿಶ್ರ ಮಾಡಿದಾಗ ಮರಿಯ ಗುಣದಲ್ಲಿ ಯಾವ ತಳಿಯ ಪಾಲು ಎಷ್ಟು, ತಾಯಿಯ ಪಾಲು ಎಷ್ಟು ಎಂದು ಅಳೆಯುವುದು ಆ ಪ್ರಬಂಧದ ವಿಷಯ. ಅಂದರೆ ಮಿಶ್ರತಳಿಯ ಪ್ರಶ್ನೆ ಅವರಿಗೆ ಮೊದಲಿನಿಂದಲೇ ಎದುರಾಗಿತ್ತು. ಪಿಎಚ್.ಡಿ. ಸಿಕ್ಕಾಗ ಅವರಿಗೆ 37 ವರ್ಷ. ಒಂದು ವರ್ಷ ಹಿಂದೆ ಬಿದ್ದರೆ ಎಲ್ಲ ಮುಗಿಯಿತೆಂದು ಕೊರಗುವ ನಾವು ಇದನ್ನು ನೆನಪಿಡಬೇಕು.

ತರಗತಿಯಲ್ಲಿ ಸಿಕ್ಕ ಒಂದು ಲೆಕ್ಕ

ಅಯೋವಾದಲ್ಲಿ ಓದುವಾಗ ಹೆಂಡರ್ಸನ್ ಅವರು ಅಲೆಕ್ಸಾಂಡರ್ ಮೂಡ್ ಎಂಬ ಪ್ರಾಧ್ಯಾಪಕರ ಸಂಖ್ಯಾಶಾಸ್ತ್ರದ ತರಗತಿಗೆ ಹೋಗುತ್ತಿದ್ದರು. ಮೂಡ್ ಅವರು ಕೊಟ್ಟ ಒಂದು ಲೆಕ್ಕ ಅವರ ತಲೆಯಲ್ಲಿ ಕೂತುಬಿಟ್ಟಿತು. ಅದರ ಸಾರಾಂಶ ಹೀಗಿದೆ.

ಒಂದು ವಯಸ್ಸಿನ ವಿದ್ಯಾರ್ಥಿಗಳ ಬುದ್ಧಿಮಟ್ಟದ ಸರಾಸರಿ 100, ಮಾನಕ ವಿಚಲನೆ 15. ಒಬ್ಬ ವಿದ್ಯಾರ್ಥಿ ಪರೀಕ್ಷೆ ಬರೆದು 130 ಪಡೆದಿದ್ದಾನೆ. ಆದರೆ ಪರೀಕ್ಷೆಯಲ್ಲಿಯೂ ಸ್ವಲ್ಪ ತಪ್ಪು ಇರುತ್ತದೆ. ಅದೃಷ್ಟ ಚೆನ್ನಾಗಿದ್ದ ದಿನ ಹೆಚ್ಚು ಬರಬಹುದು, ತಲೆನೋವು ಬಂದ ದಿನ ಕಡಿಮೆ ಬರಬಹುದು. ಆ ತಪ್ಪಿನ ಮಾನಕ ವಿಚಲನೆ 5. ಹಾಗಾದರೆ ಆ ವಿದ್ಯಾರ್ಥಿಯ ನಿಜವಾದ ಬುದ್ಧಿಮಟ್ಟ ಎಷ್ಟಿರಬಹುದು?

130 ಎಂದು ಬರೆದರೆ ಉತ್ತರ ತಪ್ಪು. ಸರಾಸರಿಗಿಂತ ಅಷ್ಟು ಮೇಲೆ ಅಂಕ ಬಂದಿದೆ ಎಂದರೆ ಅದರಲ್ಲಿ ಸ್ವಲ್ಪ ಅದೃಷ್ಟದ ಪಾಲೂ ಇದ್ದಿರಬೇಕು. 15ರ ವರ್ಗ 225, 5ರ ವರ್ಗ 25. ಎರಡೂ ಸೇರಿದರೆ 250. ಅದರಲ್ಲಿ ನಿಜವಾದ ವ್ಯತ್ಯಾಸದ ಪಾಲು 225, ಅಂದರೆ 10ರಲ್ಲಿ 9 ಭಾಗ. ಸರಾಸರಿಗಿಂತ ಹೆಚ್ಚು ಬಂದ 30 ಅಂಕದಲ್ಲಿ 10ರಲ್ಲಿ 9 ಭಾಗ, ಅಂದರೆ 27 ಅಂಕವನ್ನು ನಂಬಬೇಕು. ಉತ್ತರ 127.

ಈ ಮೂರು ಅಂಕದ ವ್ಯತ್ಯಾಸ ನಮಗೆ ಸಣ್ಣದಾಗಿ ಕಾಣಬಹುದು. ಹೆಂಡರ್ಸನ್‌ಗೆ ಅದರಲ್ಲಿ ಹೋರಿಯ ಲೆಕ್ಕ ಕಂಡಿತು. ಹೋರಿಯ ನಿಜವಾದ ಗುಣ ಕಣ್ಣಿಗೆ ಕಾಣದು. ಕಾಣುವುದು ಹೆಣ್ಣುಮಕ್ಕಳ ಹಾಲಿನ ದಾಖಲೆ ಮಾತ್ರ. ಕಂಡದ್ದನ್ನೆಲ್ಲ ಹಾಗೆಯೇ ನಂಬಬಾರದು. ಎಷ್ಟು ನಂಬಬಹುದು ಎಂಬುದಕ್ಕೂ ಒಂದು ಅಳತೆ ಬೇಕು.

ಕಾರ್ನೆಲ್‌ನಲ್ಲಿ ಕೆಲಸ

1948ರಲ್ಲಿ ಹೆಂಡರ್ಸನ್ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. 1976ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು. ಆ ಭಾಗದ ರೈತರು ಸಹಕಾರಿ ಸಂಘ ಕಟ್ಟಿಕೊಂಡು ಕೃತಕ ಗರ್ಭಧಾರಣೆ ಮಾಡಿಸುತ್ತಿದ್ದ ಕಾಲ ಅದು. ಒಂದು ಹೋರಿಯ ಮಕ್ಕಳು ನೂರಾರು ಕೊಟ್ಟಿಗೆಗಳಲ್ಲಿ ಹರಡಿರುತ್ತಿದ್ದವು. ಯಾವ ಹೋರಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಸಂಘದವರಿಗೆ ಹೇಳಬೇಕಿತ್ತು.

ಆಗ ಬಳಕೆಯಲ್ಲಿದ್ದ ವಿಧಾನಗಳು ಸರಳವಾಗಿದ್ದವು. ಮೊದಲನೆಯದು, ಹೋರಿಯ ಎಲ್ಲ ಹೆಣ್ಣುಮಕ್ಕಳ ಹಾಲಿನ ಸರಾಸರಿ ತೆಗೆಯುವುದು. ಇದರಲ್ಲಿ ಸಿರಿವಂತರ ಕೊಟ್ಟಿಗೆಗೆ ಹೋದ ಹೋರಿಗೆ ಲಾಭ. ಎರಡನೆಯದು, ಮಗಳ ಹಾಲನ್ನು ತಾಯಿಯ ಹಾಲಿನೊಂದಿಗೆ ಹೋಲಿಸುವುದು. ತಾಯಿ ಹಾಲು ಕೊಟ್ಟ ವರ್ಷ ಬೇರೆ, ಮಗಳು ಕೊಟ್ಟ ವರ್ಷ ಬೇರೆ. ನಡುವೆ ಮೇವು ಸುಧಾರಿಸಿದ್ದರೆ ಅದರ ಶ್ರೇಯ ಹೋರಿಗೆ ಹೋಗುತ್ತದೆ. ಬರ ಬಂದಿದ್ದರೆ ಅದರ ದೂರು ಕೂಡ ಹೋರಿಗೆ ಹೋಗುತ್ತದೆ.

1954ರಲ್ಲಿ ಹೆಂಡರ್ಸನ್ ಮತ್ತು ಅವರ ಸಹೋದ್ಯೋಗಿಗಳು ಬೇರೆ ದಾರಿ ತೋರಿಸಿದರು. ಹೋರಿಯ ಮಗಳನ್ನು ಅದೇ ಕೊಟ್ಟಿಗೆಯಲ್ಲಿ, ಅದೇ ಕಾಲದಲ್ಲಿ ಹಾಲು ಕೊಡುತ್ತಿರುವ ಬೇರೆ ಹೋರಿಗಳ ಮಕ್ಕಳ ಜೊತೆ ಹೋಲಿಸುವುದು. ಅದೇ ವರ್ಷ ಬ್ರಿಟನ್ನಿನಲ್ಲಿ ಅಲನ್ ರಾಬರ್ಟ್‌ಸನ್ ಮತ್ತು ರೆಂಡೆಲ್ ಅವರೂ ಇದೇ ಬಗೆಯ ಸಮಕಾಲೀನ ಹೋಲಿಕೆಯನ್ನು ಪ್ರಕಟಿಸಿದರು. ಒಂದೇ ಮೇವು, ಒಂದೇ ಮಳೆ, ಒಂದೇ ಯಜಮಾನ. ಹಾಗಾಗಿ ಉಳಿದ ವ್ಯತ್ಯಾಸವನ್ನು ಹೋರಿಯ ಲೆಕ್ಕಕ್ಕೆ ಬರೆಯಬಹುದು.

ಮೂರು ಹೋರಿ, ಮೂರು ಫಲಿತಾಂಶ

ಈ ವಿಧಾನಗಳ ನಡುವಿನ ವ್ಯತ್ಯಾಸ ಅರ್ಥವಾಗಲು ನಾನೇ ಒಂದು ಕಾಲ್ಪನಿಕ ಲೆಕ್ಕ ಮಾಡಿಕೊಂಡೆ. ನೀವೂ ಪೆನ್ನು ಹಿಡಿದು ನೋಡಿ.

ಮೊದಲನೇ ಹೋರಿಗೆ 100 ಹೆಣ್ಣುಮಕ್ಕಳು. ದಿನಕ್ಕೆ ಸರಾಸರಿ 9 ಲೀಟರ್ ಹಾಲು. ಆದರೆ ಅವೆಲ್ಲ ನೀರಾವರಿ ಇರುವ, ಹಸಿಮೇವು ಧಾರಾಳವಾಗಿ ಸಿಗುವ ಊರುಗಳಲ್ಲಿವೆ. ಅಲ್ಲಿನ ಬೇರೆ ಆಕಳುಗಳ ಸರಾಸರಿ 10 ಲೀಟರ್.

ಎರಡನೇ ಹೋರಿಗೆ ಬರೀ 4 ಹೆಣ್ಣುಮಕ್ಕಳು. ಸರಾಸರಿ 8 ಲೀಟರ್. ಅವು ಕಾಡಂಚಿನ ಊರಿನಲ್ಲಿವೆ. ಅಲ್ಲಿನ ಬೇರೆ ಆಕಳುಗಳ ಸರಾಸರಿ 6 ಲೀಟರ್.

ಮೂರನೇ ಹೋರಿಗೆ 50 ಹೆಣ್ಣುಮಕ್ಕಳು. ಸರಾಸರಿ 8.5 ಲೀಟರ್. ಅವು ಇರುವ ಊರುಗಳಲ್ಲಿ ಬೇರೆ ಆಕಳುಗಳ ಸರಾಸರಿ 7.5 ಲೀಟರ್.

ಬರೀ ಸರಾಸರಿ ನೋಡಿದರೆ 9 ಲೀಟರಿನ ಮೊದಲನೇ ಹೋರಿ ಗೆಲ್ಲುತ್ತದೆ. ಜೊತೆಯ ಆಕಳುಗಳೊಂದಿಗೆ ಹೋಲಿಸಿದರೆ ಅದು 1 ಲೀಟರ್ ಹಿಂದೆ ಬೀಳುತ್ತದೆ, 2 ಲೀಟರ್ ಮುಂದಿರುವ ಎರಡನೇ ಹೋರಿ ಗೆಲ್ಲುತ್ತದೆ. ಆದರೆ 4 ಮಕ್ಕಳ ಸಾಕ್ಷ್ಯವನ್ನು ಎಷ್ಟು ನಂಬುವುದು? ಇಲ್ಲಿ ಮೂಡ್ ಅವರ ಲೆಕ್ಕ ಕೆಲಸಕ್ಕೆ ಬರುತ್ತದೆ. ಹಾಲಿನ ವ್ಯತ್ಯಾಸದಲ್ಲಿ ಕಾಲು ಭಾಗ ವಂಶದಿಂದ ಬರುತ್ತದೆ ಎಂದು ಹಿಡಿದರೆ, ನಂಬಿಕೆಯ ಪಾಲನ್ನು ತೆಗೆಯುವ ಸೂತ್ರ ಸುಲಭ. ಮಕ್ಕಳ ಸಂಖ್ಯೆಯನ್ನು, ಅದೇ ಸಂಖ್ಯೆಗೆ 15 ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. 4 ಮಕ್ಕಳಿಗೆ 4 ಭಾಗಿಸು 19, ಅಂದರೆ ಸುಮಾರು 0.21. ಎರಡನೇ ಹೋರಿಯ 2 ಲೀಟರ್ ಈಗ 0.42 ಲೀಟರಿಗೆ ಇಳಿಯುತ್ತದೆ. ಮೂರನೇ ಹೋರಿಗೆ 50 ಭಾಗಿಸು 65, ಸುಮಾರು 0.77. ಅದರ 1 ಲೀಟರ್ 0.77 ಆಗಿ ಉಳಿಯುತ್ತದೆ. ಈಗ ಗೆದ್ದದ್ದು ಮೂರನೇ ಹೋರಿ.

ದಾಖಲೆ ಬದಲಾಗಲಿಲ್ಲ, ಆಕಳು ಬದಲಾಗಲಿಲ್ಲ. ನೋಡುವ ವಿಧಾನ ಬದಲಾದಂತೆ ಮೊದಲ ಸ್ಥಾನ ಎರಡು ಸಲ ಬದಲಾಯಿತು. ವಿಧಾನಗಳನ್ನು ಹೋಲಿಸಿ ನೋಡುವುದು ಏಕೆ ಅಷ್ಟು ಮುಖ್ಯ ಎಂದು ನನಗೆ ಆಗ ತಿಳಿಯಿತು.

ಹೆಂಡರ್ಸನ್ ಇಲ್ಲಿಗೂ ನಿಲ್ಲಲಿಲ್ಲ. ಕಾಡಂಚಿನ ಊರಿನ ಆ ಬೇರೆ ಆಕಳುಗಳ ತಂದೆಯರು ಯಾರು ಎಂದು ಕೇಳಿದರು. ಅವೂ ಒಳ್ಳೆಯ ಹೋರಿಗಳ ಮಕ್ಕಳಾಗಿದ್ದರೆ ಅವುಗಳಿಗಿಂತ ಮುಂದಿರುವುದು ದೊಡ್ಡ ಮಾತು. ಸಾಧಾರಣ ಹೋರಿಗಳ ಮಕ್ಕಳಾಗಿದ್ದರೆ ಅಷ್ಟೇನೂ ದೊಡ್ಡದಲ್ಲ. ಬುದ್ಧಿವಂತರೇ ತುಂಬಿದ ತರಗತಿಯಲ್ಲಿ ಐದನೇ ಸ್ಥಾನ ಪಡೆಯುವುದಕ್ಕೂ ಬೇರೆ ತರಗತಿಯಲ್ಲಿ ಪಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಆದ್ದರಿಂದ ಒಂದು ಹೋರಿಯನ್ನು ಅಳೆಯಬೇಕಾದರೆ ಎಲ್ಲ ಹೋರಿಗಳನ್ನೂ, ಎಲ್ಲ ಕೊಟ್ಟಿಗೆಗಳನ್ನೂ, ಎಲ್ಲ ವರ್ಷಗಳನ್ನೂ ಒಟ್ಟಿಗೆ ಸಮೀಕರಣಗಳಲ್ಲಿ ಬರೆದು ಒಂದೇ ಸಲ ಬಿಡಿಸಬೇಕು. ಇದೇ ಹೆಂಡರ್ಸನ್ ಅವರ ಮಿಶ್ರ ಮಾದರಿಯ ಸಮೀಕರಣ. ಇದರಿಂದ ಬರುವ ಉತ್ತರಕ್ಕೆ ಬೆಸ್ಟ್ ಲೀನಿಯರ್ ಅನ್‌ಬಯಸ್ಡ್ ಪ್ರಿಡಿಕ್ಷನ್ ಎಂದು ಹೆಸರು, ಚಿಕ್ಕದಾಗಿ ಬ್ಲಪ್ ಎನ್ನುತ್ತಾರೆ. ಪಕ್ಷಪಾತವಿಲ್ಲದ ಅತ್ಯುತ್ತಮ ಅಂದಾಜು ಎಂದು ನಾವು ಅರ್ಥ ಮಾಡಿಕೊಳ್ಳಬಹುದು.

ತಪ್ಪು ಕಾರಣ, ಸರಿಯಾದ ಸಮೀಕರಣ

ಹೆಂಡರ್ಸನ್ ತಮ್ಮ ಸಮೀಕರಣವನ್ನು ವಿದ್ವಾಂಸರ ಮುಂದಿಟ್ಟದ್ದು 1950ರ ಹೊತ್ತಿಗೆ. ಆಗ ಅದಕ್ಕೆ ಅವರು ಕೊಟ್ಟ ಗಣಿತದ ಕಾರಣ ಸರಿಯಾಗಿರಲಿಲ್ಲ. ಅದು ಗರಿಷ್ಠ ಸಂಭಾವ್ಯತೆಯ ವಿಧಾನ ಎಂದು ಅವರು ತಿಳಿದಿದ್ದರು. ನಿಜದಲ್ಲಿ ಅದು ಹಾಗಿರಲಿಲ್ಲ. ಸಮೀಕರಣ ಒಳ್ಳೆಯ ಉತ್ತರ ಕೊಡುತ್ತಿತ್ತು, ಏಕೆ ಕೊಡುತ್ತದೆ ಎಂಬುದಕ್ಕೆ ಸಾಧನೆ ಇರಲಿಲ್ಲ.

ಅವರು ಅದನ್ನು ಮುಚ್ಚಿಡಲೂ ಇಲ್ಲ, ಬಿಟ್ಟುಬಿಡಲೂ ಇಲ್ಲ. 1955ರಿಂದ 56ರವರೆಗೆ ನ್ಯೂಜಿಲೆಂಡಿಗೆ ಹೋಗಿದ್ದಾಗ ಅಲ್ಲಿ ಶೇಲ್ ಸರ್ಲ್ ಎಂಬ ತರುಣ ಸಂಖ್ಯಾಶಾಸ್ತ್ರಜ್ಞರ ಪರಿಚಯವಾಯಿತು. ಸರ್ಲ್ ಮುಂದೆ ಕಾರ್ನೆಲ್‌ಗೆ ಬಂದು ಓದಿದರು, ತಮ್ಮ ವಿಷಯದಲ್ಲಿ ದೊಡ್ಡ ಹೆಸರು ಗಳಿಸಿದರು. 1959ರಲ್ಲಿ ಹೆಂಡರ್ಸನ್, ಸರ್ಲ್ ಮತ್ತಿಬ್ಬರು ಸೇರಿ ಪ್ರಕಟಿಸಿದ ಲೇಖನದಲ್ಲಿ ಸಮೀಕರಣದ ಒಂದು ಭಾಗಕ್ಕೆ ಸರಿಯಾದ ಸಾಧನೆ ದೊರೆಯಿತು. 1963ರ ಲೇಖನದಲ್ಲಿ ಹೋರಿಯ ಗುಣವನ್ನು ಅಂದಾಜಿಸುವ ಭಾಗಕ್ಕೂ ಸಾಧನೆ ಸಿಕ್ಕಿತು. ತಮಗೆ ಹೊಳೆದದ್ದು ಸರಿ ಎಂದು ತೋರಿಸಲು ಅವರಿಗೆ ಹದಿಮೂರು ವರ್ಷ ಬೇಕಾಯಿತು.

ಇನ್ನೊಂದು ಅಡ್ಡಿ ಲೆಕ್ಕ ಮಾಡುವುದರಲ್ಲಿಯೇ ಇತ್ತು. ನಾವು ದ್ವಿತೀಯ ಪಿಯುಸಿಯಲ್ಲಿ ಮೂರು ಸಾಲು, ಮೂರು ಕಂಬದ ಮ್ಯಾಟ್ರಿಕ್ಸ್‌ನ ವಿಲೋಮ ಕಂಡುಹಿಡಿಯುವಾಗಲೇ ಒಂದು ಪುಟ ತುಂಬುತ್ತದೆ. ಲಕ್ಷ ಆಕಳುಗಳ ದಾಖಲೆ ಇದ್ದರೆ ಹಳೆಯ ದಾರಿಯಲ್ಲಿ ಲಕ್ಷ ಸಾಲಿನ ಮ್ಯಾಟ್ರಿಕ್ಸ್‌ನ ವಿಲೋಮ ಬೇಕು. ಹೆಂಡರ್ಸನ್ ಅವರ ಸಮೀಕರಣದಲ್ಲಿ ಹೋರಿಗಳು ಮತ್ತು ಕೊಟ್ಟಿಗೆಗಳು ಎಷ್ಟಿವೆಯೋ ಅಷ್ಟು ಸಾಲು ಸಾಕು. ಕಂಪ್ಯೂಟರುಗಳು ಬೆಳೆದಂತೆ ಅದು ಕೈಗೆಟುಕುವಂತಾಯಿತು. 1970ರ ಹೊತ್ತಿಗೆ ಅಮೆರಿಕದ ಈಶಾನ್ಯ ಭಾಗದ ಹೋರಿಗಳಿಗೆ ಕಾರ್ನೆಲ್‌ನಿಂದ ಬ್ಲಪ್ ಅಂಕಗಳು ಹೊರಬರತೊಡಗಿದವು.

ಬಂಧುತ್ವದ ಪಟ್ಟಿ

ಹೆಂಡರ್ಸನ್ ಅವರ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 1976ರಲ್ಲಿ ಪ್ರಕಟವಾದದ್ದು. ಒಂದು ಹೋರಿಗೆ ಮಕ್ಕಳು ಕಡಿಮೆ ಇದ್ದರೂ ಅದರ ಅಣ್ಣತಮ್ಮಂದಿರು, ಅಪ್ಪ, ಅಕ್ಕತಂಗಿಯರ ದಾಖಲೆಯಿಂದ ಸಾಕ್ಷ್ಯ ಸಿಗುತ್ತದೆ. ತಂದೆ ಮಗಳ ನಡುವೆ ಅರ್ಧ ಬಂಧುತ್ವ, ಒಂದೇ ತಂದೆಯ ಬೇರೆ ತಾಯಂದಿರ ಮಕ್ಕಳ ನಡುವೆ ಕಾಲು ಭಾಗ. ಹೀಗೆ ಎಲ್ಲ ಪ್ರಾಣಿಗಳ ನಡುವಿನ ಬಂಧುತ್ವವನ್ನು ಒಂದು ಮ್ಯಾಟ್ರಿಕ್ಸ್‌ನಲ್ಲಿ ಬರೆಯಬಹುದು. ಸಾವಿರ ಪ್ರಾಣಿಗಳಿದ್ದರೆ ಹತ್ತು ಲಕ್ಷ ಮನೆಗಳು. ಸಮೀಕರಣಕ್ಕೆ ಬೇಕಾದದ್ದು ಇದರ ವಿಲೋಮ. ಅದನ್ನು ಲೆಕ್ಕ ಮಾಡುವುದು ಅಂದಿನ ಕಂಪ್ಯೂಟರಿಗೆ ಆಗದ ಮಾತು.

ವಿಲೋಮವನ್ನು ಲೆಕ್ಕ ಮಾಡುವ ಅಗತ್ಯವೇ ಇಲ್ಲ, ವಂಶಾವಳಿಯ ಪಟ್ಟಿ ಓದುತ್ತ ನೇರವಾಗಿ ಬರೆಯಬಹುದು ಎಂದು ಹೆಂಡರ್ಸನ್ ಕಂಡುಕೊಂಡರು. ಒಂದೊಂದು ಪ್ರಾಣಿಗೂ ಮೂರೇ ಹೆಸರು ಸಾಕು: ತನ್ನದು, ತಂದೆಯದು, ತಾಯಿಯದು. ತಂದೆ ತಾಯಿ ಇಬ್ಬರೂ ಗೊತ್ತಿದ್ದು, ರಕ್ತಸಂಬಂಧದಲ್ಲಿ ಕೂಡಿಕೆ ಆಗಿರದಿದ್ದರೆ, ಪ್ರಾಣಿಯ ಮನೆಗೆ 2 ಕೂಡಿಸಬೇಕು. ಪ್ರಾಣಿ ಮತ್ತು ಅದರ ತಂದೆ ತಾಯಿ ಸೇರುವ ಮನೆಗಳಿಂದ 1 ಕಳೆಯಬೇಕು. ತಂದೆ ತಾಯಿಯರ ಮನೆಗಳಿಗೆ ಅರ್ಧ ಕೂಡಿಸಬೇಕು. ಪಟ್ಟಿ ಮುಗಿಯುವ ಹೊತ್ತಿಗೆ ವಿಲೋಮ ಸಿದ್ಧ. ಗಣಿತದ ಪ್ರಾಧ್ಯಾಪಕರನ್ನು ಕೇಳಿ, ಒಂದು ತಂದೆ, ಒಂದು ತಾಯಿ, ಒಂದು ಕರು ಇಟ್ಟುಕೊಂಡು ನೀವೇ ಮಾಡಿ ನೋಡಬಹುದು. ತಂದೆ ತಾಯಿಯ ಹೆಸರು ಗೊತ್ತಿಲ್ಲದ ಆ ಇಬ್ಬರಿಗೆ ತಲಾ 1 ಬರೆದು ಶುರು ಮಾಡಿ.

ನಮ್ಮ ನಾಡಿನ ಮಿಶ್ರತಳಿಗೆ

ಇಷ್ಟಕ್ಕೂ ನಮಗೂ ಇದಕ್ಕೂ ಏನು ಸಂಬಂಧ? ಸಂಬಂಧ ಹಳೆಯದು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ನಮ್ಮ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ. 1939ರಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಬಳಸಿ ಅದನ್ನು ಮಾಡಿದರು. ಇಂದು ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೂ ಕರ್ನಾಟಕ ಹಾಲು ಮಹಾಮಂಡಳದ ಕೇಂದ್ರವೂ ಹೋರಿಗಳನ್ನು ಸಾಕಿ ಘನೀಕೃತ ವೀರ್ಯ ತಯಾರಿಸುತ್ತವೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದನ್ನು ಕಾಪಾಡುತ್ತಾರೆ. ಡಾಕ್ಟರರು ಮನೆಗೆ ತರುವ ಸಣ್ಣ ಕಡ್ಡಿಯ ಹಿಂದೆ ಇಂಥ ಕೇಂದ್ರಗಳಿವೆ.

ಮಿಶ್ರತಳಿಯಲ್ಲಿ ಹೋರಿಯನ್ನು ಅಳೆಯುವುದು ಹೆಂಡರ್ಸನ್ ಅವರ ಊರಿಗಿಂತ ನಮ್ಮಲ್ಲಿ ಕಷ್ಟ. ನ್ಯೂಯಾರ್ಕಿನ ರೈತನ ಕೊಟ್ಟಿಗೆಯಲ್ಲಿ ಹೋಲಿಸಲು ಹತ್ತಾರು ಆಕಳುಗಳಿರುತ್ತಿದ್ದವು. ನಮ್ಮಲ್ಲಿ ಒಂದು ಮನೆಗೆ ಒಂದೋ ಎರಡೋ. ಮನೆಯೊಳಗೆ ಹೋಲಿಕೆ ಸಾಧ್ಯವಿಲ್ಲ. ಹಾಗಾಗಿ ಊರು, ವರ್ಷ, ಕಾಲ ಇವನ್ನು ಒಂದು ಗುಂಪಾಗಿ ತೆಗೆದುಕೊಳ್ಳಬೇಕಾಗುತ್ತದೆ. ಎರಡನೆಯದಾಗಿ, ಒಂದು ಆಕಳಿನಲ್ಲಿ ವಿದೇಶಿ ತಳಿಯ ಪಾಲು ಅರ್ಧ ಇರಬಹುದು, ಇನ್ನೊಂದರಲ್ಲಿ ಮುಕ್ಕಾಲು ಇರಬಹುದು. ದೇಶಿ ಆಕಳಿಗೆ ವಿದೇಶಿ ಹೋರಿಯಿಂದ ಹುಟ್ಟಿದ ಮೊದಲ ಪೀಳಿಗೆಗೆ ಬೆರಕೆಯಿಂದಲೇ ಒಂದು ಹೆಚ್ಚಿನ ಕಸುವು ಬರುತ್ತದೆ. ಮುಂದಿನ ಪೀಳಿಗೆಗಳಲ್ಲಿ ಅದು ಅಷ್ಟೇ ಉಳಿಯುವುದಿಲ್ಲ. ಆ ಕಸುವನ್ನು ಹೋರಿಯ ಗುಣವೆಂದು ಬರೆದುಕೊಂಡರೆ ಲೆಕ್ಕ ಕೆಟ್ಟಂತೆ. ಹೆಂಡರ್ಸನ್ ಅವರ ಸಮೀಕರಣದ ಬಲ ಎಂದರೆ ಇಂಥ ಕಾರಣಗಳಿಗೂ ಅದರೊಳಗೆ ಒಂದೊಂದು ಸಾಲು ಕೊಡಬಹುದು.

ಕೇರಳದಲ್ಲಿ ಸುನಂದಿನಿ, ಕರ್ನಾಲಿನ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಕರಣ್ ಫ್ರೀಸ್, ಸೇನೆಯ ಫಾರ್ಮುಗಳಲ್ಲಿ ಫ್ರೀಸ್‌ವಾಲ್ ಎಂಬ ಮಿಶ್ರತಳಿಗಳನ್ನು ಬೆಳೆಸಿದ್ದಾರೆ. ಇಂಥ ತಳಿಗಳ ದಾಖಲೆ ಇಟ್ಟುಕೊಂಡು ನಮ್ಮ ದೇಶದ ಸಂಶೋಧಕರು ಸರಳ ಸರಾಸರಿ, ಕನಿಷ್ಠ ವರ್ಗಗಳ ವಿಧಾನ, ಬ್ಲಪ್ ಇವುಗಳಿಂದ ಹೋರಿಗಳಿಗೆ ರ‍್ಯಾಂಕು ಕೊಟ್ಟು ಒಂದಕ್ಕೊಂದು ತಾಳೆ ನೋಡುತ್ತಾರೆ. ನೂರಾರು ಮಕ್ಕಳಿರುವ, ಎಲ್ಲ ಕಡೆ ಹರಡಿರುವ ಹೋರಿಗಳ ವಿಷಯದಲ್ಲಿ ವಿಧಾನಗಳು ಬಹುತೇಕ ಒಂದೇ ಮಾತು ಹೇಳುತ್ತವೆ. ಮಕ್ಕಳು ಕಡಿಮೆ ಇರುವ, ಒಂದೇ ಕಡೆ ಸೇರಿಕೊಂಡಿರುವ ಹೋರಿಗಳ ರ‍್ಯಾಂಕು ಮೇಲೆ ಕೆಳಗೆ ಆಗುತ್ತದೆ. ನಮ್ಮ ದೇಶದಲ್ಲಿ ದಾಖಲೆ ಇಡುವ ಆಕಳುಗಳು ಕಡಿಮೆ. ಅದರಿಂದ ನಮ್ಮಲ್ಲಿ ವಿಧಾನದ ಆಯ್ಕೆ ಇನ್ನೂ ಮುಖ್ಯವಾಗುತ್ತದೆ.

ಎಷ್ಟೇ ಒಳ್ಳೆಯ ಸಮೀಕರಣವಾದರೂ ದಾಖಲೆ ಇಲ್ಲದೆ ಅದು ಬರೀ ಕಾಗದ. ಹೊಸ ಹೋರಿಯ ವೀರ್ಯವನ್ನು ಊರೂರಿಗೆ ಹಂಚಿ, ಒಂಬತ್ತು ತಿಂಗಳಿಗೆ ಕರು ಹುಟ್ಟಿ, ಅದು ಬೆಳೆದು ಮೂರು ವರ್ಷದ ಸುಮಾರಿಗೆ ಗಬ್ಬವಾಗಿ ಕರು ಹಾಕಿ, ಮುಂದಿನ 305 ದಿನದ ಹಾಲು ಅಳೆದಾಗ ಒಂದು ಹೋರಿಯ ಫಲಿತಾಂಶ ಬರುತ್ತದೆ. ಐದಾರು ವರ್ಷದ ಕೆಲಸ. ನಡುವೆ ಕರುವಿನ ತಂದೆ ಯಾರೆಂಬುದು ಕಳೆದುಹೋದರೆ ಅಷ್ಟೂ ವ್ಯರ್ಥ. ನಮ್ಮ ಆಕಳುಗಳ ಕಿವಿಗೆ ಹಾಕುವ 12 ಅಂಕಿಯ ಹಳದಿ ಬಿಲ್ಲೆಯನ್ನು ಹಲವರು ಸರ್ಕಾರದ ಕಾಟ ಎಂದುಕೊಳ್ಳುತ್ತಾರೆ. ಹೆಂಡರ್ಸನ್ ಅವರ ಪಟ್ಟಿಯಲ್ಲಿ ಬೇಕಾದ ಮೂರು ಹೆಸರು ಉಳಿಯುವುದು ಆ ಬಿಲ್ಲೆಯಿಂದಲೇ. ಮನೆಯವರಿಗೆ ಇದನ್ನು ತಿಳಿಸಿ ಹೇಳುವ ಕೆಲಸ ನಮ್ಮದು.

ಹಾಲಿನ ಅಂಕವೇ ಎಲ್ಲವೂ ಅಲ್ಲ ಎಂಬುದನ್ನೂ ಮರೆಯಬಾರದು. ಜೋಯಿಡಾದ ಕಾಡೂರುಗಳಲ್ಲಿ ಮೇಯುವ ಮಲೆನಾಡು ಗಿಡ್ಡ ಕಡಿಮೆ ಹಾಲು ಕೊಟ್ಟರೂ ಆ ಮಳೆ, ಉಣ್ಣೆ, ಗುಡ್ಡಗಳನ್ನು ತಾಳಿಕೊಳ್ಳುತ್ತದೆ. ಎಚ್.ಎಫ್. ಮಿಶ್ರತಳಿ ಆಕಳನ್ನು ಅಲ್ಲಿ ಬಿಟ್ಟರೆ ಬಾಳುವುದು ಕಷ್ಟ. ಯಾವ ಊರಿಗೆ ಯಾವ ತಳಿ ಎಂಬುದನ್ನು ಮೊದಲು ಯೋಚಿಸಿ, ಆಮೇಲೆ ಯಾವ ಹೋರಿ ಎಂದು ಕೇಳಬೇಕು.

ಕೊನೆಯ ದಿನಗಳು

ನಿವೃತ್ತಿಯಾದ ಮೇಲೂ ಹೆಂಡರ್ಸನ್ ಬರೆಯುವುದನ್ನು, ಕಲಿಸುವುದನ್ನು ನಿಲ್ಲಿಸಲಿಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಅವರ ದೊಡ್ಡ ಪುಸ್ತಕವನ್ನು 1984ರಲ್ಲಿ ಆ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿ ಗೌರವಿಸಿತು.

1989ರ ಮಾರ್ಚ್ ತಿಂಗಳಲ್ಲಿ ಹೆಂಡರ್ಸನ್ ತೀರಿಕೊಂಡರು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಕೃಷಿ ಇಲಾಖೆ ಇಡೀ ದೇಶದ ಹಾಲಿನ ದನಗಳಿಗೆ, ಹೋರಿ ಆಕಳು ಎರಡಕ್ಕೂ, ಅವರ ವಿಧಾನದಲ್ಲಿ ಅಂಕ ಕೊಡಲು ಆರಂಭಿಸಿತು. ಬಂಧುತ್ವದ ಪಟ್ಟಿಯನ್ನು ಪೂರ್ತಿ ಬಳಸಿದ ಆ ಲೆಕ್ಕವನ್ನು ನೋಡಲು ಅವರು ನಾಲ್ಕು ತಿಂಗಳ ಅಂತರದಲ್ಲಿ ಇರಲಿಲ್ಲ. ಇಂದು ವಂಶವಾಹಿಗಳನ್ನು ನೇರವಾಗಿ ಓದಿ ಎಳೆಗರುವಿಗೇ ಅಂಕ ಕೊಡುವ ಕಾಲ ಬಂದಿದೆ. ನಮ್ಮ ದೇಶದಲ್ಲಿಯೂ ಅದಕ್ಕೆ ಚಿಪ್‌ಗಳು ತಯಾರಾಗಿವೆ. ಆ ಲೆಕ್ಕದ ಒಳಗೂ ಹೆಂಡರ್ಸನ್ ಅವರ ಸಮೀಕರಣವೇ ಇದೆ. ಬೆಳೆಯ ತಳಿ ಸುಧಾರಣೆ ಮಾಡುವವರೂ ಅದನ್ನು ಬಳಸುತ್ತಾರೆ.

ಅವರ ಜೀವನವನ್ನು ಓದಿದ ಮೇಲೆ ನಮ್ಮ ಮನೆಯ ಆ ಮಣಕದ ಬಗ್ಗೆ ಮತ್ತೆ ಯೋಚಿಸಿದೆ. ಅದರ ಒಂದು ಹಾಲಿನ ಲೆಕ್ಕದಿಂದ ಹೋರಿ ಕೆಟ್ಟದು ಎಂದು ತೀರ್ಪು ಕೊಡಲು ನಮಗೆ ಹಕ್ಕಿಲ್ಲ. ಒಂದು ಮಗಳ ಸಾಕ್ಷ್ಯಕ್ಕೆ ಒಂದನ್ನು ಹದಿನಾರರಿಂದ ಭಾಗಿಸಿದಷ್ಟೇ ಬೆಲೆ. ಆದರೆ ಆ ಲೆಕ್ಕ ದಾಖಲೆಗೆ ಸೇರಿದರೆ, ಬೇರೆ ಊರಿನ ನೂರು ಮಕ್ಕಳ ಲೆಕ್ಕದೊಂದಿಗೆ ಕೂಡಿ, ಇನ್ನೊಂದು ಮನೆಯ ಮೂರು ವರ್ಷ ಉಳಿಯಬಹುದು. ಈಗ ಡಾಕ್ಟರರು ಬಂದಾಗ ಅಬ್ಬಾ ಕಡ್ಡಿಯ ಮೇಲಿನ ಹೋರಿಯ ನಂಬರನ್ನು ಕೇಳಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಬೆಳಿಗ್ಗೆ ಸಂಜೆಯ ಹಾಲನ್ನು ಅದರ ಕೆಳಗೆ ಬರೆಯುವ ಕೆಲಸ ನನಗೆ ಬಂದಿದೆ.

ಪರೀಕ್ಷೆಯ ಫಲಿತಾಂಶ ಬಂದ ದಿನ ನಾವು ಒಬ್ಬರನ್ನೊಬ್ಬರು ಬರೀ ಅಂಕದಿಂದ ಅಳೆಯುತ್ತೇವೆ. ಯಾರ ಮನೆಯಲ್ಲಿ ಕರೆಂಟು ಇತ್ತು, ಯಾರು ಬಸ್ಸಿಗೆ ಎರಡು ತಾಸು ಕಾದರು, ಯಾರು ಓದಿನ ನಡುವೆ ಹಾಲು ಕರೆದು ಬಂದರು ಎಂದು ಕೇಳುವುದಿಲ್ಲ. ಒಂದು ಹೋರಿಗೆ ನ್ಯಾಯ ಸಿಗಲಿ ಎಂದು ಒಬ್ಬ ಮನುಷ್ಯ ನಾಲ್ವತ್ತು ವರ್ಷ ಲೆಕ್ಕ ಮಾಡಿದ. ಗೆಳೆಯನ ಅಂಕಪಟ್ಟಿ ನೋಡುವಾಗ ನಾವು ಒಂದು ಕ್ಷಣ ನಿಂತು ಯೋಚಿಸಬಹುದಲ್ಲವೇ?